ಬೆಳಗು ತೋಟದ್ದು, ಮಧ್ಯಾಹ್ನ ಹ್ಯಾಂಬರ್ಗಿನದು

ಜರ್ಮನಿಯ ದೊಡ್ಡ ಊರುಗಳಿಗೆ ರೈಲಿನಲ್ಲಿ ಹೋಗುವಾಗ ಹಳಿಯ ಪಕ್ಕ ಪುಟ್ಟ ಪುಟ್ಟ ತೋಟಗಳ ಸಾಲು ಕಾಣುತ್ತದೆ. ಒಂದೊಂದರಲ್ಲೂ ಮರದ ಸಣ್ಣ ಮನೆ, ಸೇಬಿನ ಗಿಡ, ನಾಲ್ಕು ಸಾಲು ಆಲೂಗಡ್ಡೆ, ಸುತ್ತ ಬೇಲಿ. ಇವನ್ನು ಕ್ಲೈನ್‌ಗಾರ್ಟನ್ ಅನ್ನುತ್ತಾರೆ. ನೆಲ ಅವರದಲ್ಲ, ಸಂಘದಿಂದ ಗೇಣಿಗೆ ಪಡೆದದ್ದು. ಇದಕ್ಕಾಗಿ 1983ರ ಒಂದು ಕಾಯ್ದೆಯೇ ಇದೆ. ಒಂದು ತೋಟ 400 ಚದರ ಮೀಟರ್ ದಾಟಬಾರದು. ಅಲ್ಲೇ ಕಾಯಂ ವಾಸ ಮಾಡುವ ಹಾಗಿಲ್ಲ. ಕೊನೇಪಕ್ಷ ಮೂರನೇ ಒಂದು ಭಾಗದಲ್ಲಿ ಹಣ್ಣು, ತರಕಾರಿ ಬೆಳೆಯಲೇಬೇಕು. ಹ್ಯಾಂಬರ್ಗ್, ಬರ್ಲಿನ್‌ನಂಥ ಕಡೆ ಇಂಥದ್ದೊಂದು ತೋಟ ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು.

400 ಚದರ ಮೀಟರ್ ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 4 ಗುಂಟೆ.

ನಾನು ಹ್ಯಾಂಬರ್ಗ್‌ನಲ್ಲಿದ್ದಾಗ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯ ಹೆಂಗಸೊಬ್ಬರಿಗೆ ಅಂಥ ತೋಟ ಸಿಕ್ಕಿತು. ಆ ದಿನ ಆಫೀಸಿಗೆ ಕೇಕ್ ತಂದಿದ್ದರು. ಬೇಸಿಗೆಯ ಒಂದು ಶನಿವಾರ ನನ್ನನ್ನೂ ಕರೆದುಕೊಂಡು ಹೋದರು. ಮಣ್ಣಲ್ಲಿ ಮೊಣಕಾಲೂರಿ ಕೂತು ಮೂಲಂಗಿ ಕಿತ್ತು ತೋರಿಸಿದರು. ಅವರ ಖುಷಿ ನೋಡಿ ನನಗೆ ಹೊಟ್ಟೆಯೊಳಗೆ ಏನೋ ಕಲಸಿದ ಹಾಗಾಯಿತು. ಶಿರಸಿಯಿಂದ ಸಿದ್ದಾಪುರದ ಕಡೆ ಹೋಗುವಾಗ ಒಳದಾರಿ ಹಿಡಿದರೆ ಸಿಗುವ ನಮ್ಮ ಊರಲ್ಲಿ, ಗಂಡನ ಮನೆಯ ಅಡಿಕೆ ತೋಟವನ್ನು ಮಾವ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಮೇಲಿನ ಬಣ್ಣದಲ್ಲಿ, ಅಂದರೆ ತೋಟದ ಮೇಲಿನ ಪಟ್ಟಿಯಲ್ಲಿ, ಕಳೆ ಆಳೆತ್ತರ ಬಂದಿದೆ ಅಂತ ಫೋನಿನಲ್ಲಿ ಹೇಳುತ್ತಿದ್ದರು. ಇಲ್ಲಿ 4 ಗುಂಟೆಗೆ ಜನ ಸರದಿ ನಿಂತಿದ್ದಾರೆ. ಅಲ್ಲಿ ಸರದಿಯೇ ಇಲ್ಲದೆ ನಮ್ಮದಾದ ತೋಟ ಬೀಳು ಬೀಳುವುದರಲ್ಲಿದೆ. ಈ ಮಾತು ತಲೆಯಿಂದ ಹೋಗಲೇ ಇಲ್ಲ.

ಈಗ ನಾವು ಊರಲ್ಲಿದ್ದೇವೆ. ಇವರು ತೋಟ ನೋಡುತ್ತಾರೆ. ನಾನು ಅದೇ ಹ್ಯಾಂಬರ್ಗಿನ ಕಂಪನಿಗೆ ಮನೆಯ ಅಟ್ಟದ ಮೇಲೆ ಕೂತು ಕೆಲಸ ಮಾಡುತ್ತೇನೆ. ಸಾಫ್ಟ್‌ವೇರನ್ನು ಬಳಸುವವರಿಗೆ ಬೇಕಾದ ಕೈಪಿಡಿ ಬರೆಯುವುದು ನನ್ನ ಕೆಲಸ. ವಾರಕ್ಕೆ 4 ದಿನ. ಸಂಬಳವೂ ಅಷ್ಟಕ್ಕೇ, ಐದರಲ್ಲಿ ನಾಲ್ಕು ಪಾಲು. ಇದನ್ನು ನಾನೇ ಕೇಳಿ ಪಡೆದದ್ದು.

ಕಡಿಮೆ ದಿನ ಕೆಲಸ ಮಾಡುವ ಧೈರ್ಯ ನನಗೆ ಬಂದದ್ದು ಜರ್ಮನಿಯಲ್ಲೇ. ಅಲ್ಲಿ 2001ರಿಂದ ಒಂದು ಕಾನೂನಿದೆ. 15ಕ್ಕಿಂತ ಹೆಚ್ಚು ಜನ ಇರುವ ಕಂಪನಿಯಲ್ಲಿ 6 ತಿಂಗಳಿಗಿಂತ ಜಾಸ್ತಿ ದುಡಿದವರು ತಮ್ಮ ಕೆಲಸದ ಗಂಟೆ ಕಡಿಮೆ ಮಾಡಿ ಅಂತ ಕೇಳಬಹುದು. ಬೇಡ ಅನ್ನಬೇಕಾದರೆ ಕಂಪನಿ ಸರಿಯಾದ ಕಾರಣ ಕೊಡಬೇಕು. ದುಡಿಯುವ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಹೀಗೆ ಅರೆಹೊತ್ತಿನ ಕೆಲಸದಲ್ಲೇ ಇದ್ದಾರೆ. ಮನೆಗೆಲಸದ ಭಾರ ಅಲ್ಲೂ ಹೆಂಗಸರ ತಲೆ ಮೇಲೇ ಜಾಸ್ತಿ ಅನ್ನುವುದೂ ಇದಕ್ಕೆ ಕಾರಣ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಗಂಡಸರೂ ಕೇಳಿ ಪಡೆಯುತ್ತಿದ್ದರು. ನನ್ನ ತಂಡದಲ್ಲೊಬ್ಬರು ಬುಧವಾರ ಬರುತ್ತಿರಲಿಲ್ಲ. ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ. ಬೆಂಗಳೂರಿನಲ್ಲಿ ನಾನು ಕೆಲಸ ಕಲಿತ ಕಡೆ, ರಾತ್ರಿ ಒಂಬತ್ತಕ್ಕೆ ಲ್ಯಾಪ್‌ಟಾಪ್ ಮುಚ್ಚಿದರೆ 'ಏನು, ಇವತ್ತು ಬೇಗ ಹೊರಟೆ?' ಅನ್ನುತ್ತಿದ್ದರು. ದುಡ್ಡು ಸ್ವಲ್ಪ ಬಿಟ್ಟು ಹೊತ್ತನ್ನು ಉಳಿಸಿಕೊಳ್ಳುವುದು ಮರ್ಯಾದೆಯ ಕೆಲಸ ಅಂತ ಕಣ್ಣಾರೆ ನೋಡಿದ ಮೇಲೆ, ಊರಿಗೆ ಬರುವ ಮಾತು ನಮ್ಮ ಮನೆಯಲ್ಲಿ ಕನಸಿನ ಮಾತಾಗಿ ಉಳಿಯಲಿಲ್ಲ. ಲೆಕ್ಕದ ಮಾತಾಯಿತು.

ಹೊರದೇಶದ ದುಡ್ಡಿನಲ್ಲಿ ಮನೆ ನಡೆಯುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಭಟ್ಕಳದಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಕೊಲ್ಲಿ ದೇಶಗಳ ದುಡಿಮೆಯಿಂದ. ಕರಾವಳಿಯ ಉದ್ದಕ್ಕೂ ಹಡಗಿನ ಕೆಲಸಕ್ಕೆ ಹೋದವರಿದ್ದಾರೆ. ಘಟ್ಟದ ಮೇಲಿನ ನಮ್ಮ ಕಡೆಯ ಹುಡುಗರು ಬೆಂಗಳೂರಿಗೆ, ಅಲ್ಲಿಂದ ಅಮೆರಿಕಕ್ಕೆ ಹೋದರು. ಇವರೆಲ್ಲ ದುಡ್ಡು ಕಳಿಸಿದರು, ವರ್ಷಕ್ಕೊಮ್ಮೆ ಬಂದರು. ಮನೆಗೆ ಟೈಲ್ಸ್ ಬಂತು, ಸೋಲಾರ್ ಬಂತು, ಜಗಲಿಯಲ್ಲಿ ಕೂರುವವರು ಮಾತ್ರ ಇಬ್ಬರೇ ಉಳಿದರು. ಈಗ ಮೊದಲ ಸಲ ದುಡ್ಡು ಹೊರಗಿಂದ ಬರುತ್ತದೆ, ಮನುಷ್ಯರು ಇಲ್ಲೇ ಇರಬಹುದು. ಇದು ಸಣ್ಣ ಬದಲಾವಣೆ ಅಲ್ಲ. ಹಾಗಂತ ಗೋಕರ್ಣದ ಕಡಲ ತೀರದಲ್ಲಿ ಒಂದು ಸೀಸನ್ ಲ್ಯಾಪ್‌ಟಾಪ್ ಹಿಡಿದು ಕೂತು, ಮಳೆ ಶುರುವಾದ ಕೂಡಲೇ ಹೊರಡುವುದೂ ಇದೂ ಒಂದೇ ಅಲ್ಲ. ಅದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಒಂದು ಊರು ಏನು ಅಂತ ಗೊತ್ತಾಗುವುದು ಅದರ ಮಳೆಗಾಲದಲ್ಲಿ.

ನನಗೆ ಈ ಕೆಲಸದಲ್ಲಿ ಸಿಕ್ಕ ದೊಡ್ಡ ಲಾಭ ಗಡಿಯಾರದ್ದು. ಜರ್ಮನಿ ನಮಗಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಅವರು ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಮುಂದೆ ಮಾಡುತ್ತಾರೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದೆ ಮಾಡುತ್ತಾರೆ. ಹಾಗಾಗಿ ಅಲ್ಲಿ ಬೆಳಗಿನ 9 ಆದಾಗ ಇಲ್ಲಿ ಮಧ್ಯಾಹ್ನ 12:30, ಇಲ್ಲವೇ 1:30. ಅಮೆರಿಕದ ಕೆಲಸ ಮಾಡುವ ಗೆಳತಿಯರು ಇಡೀ ರಾತ್ರಿ ಕೊಡುತ್ತಾರೆ. ನಾನು ಮಧ್ಯಾಹ್ನ, ಸಂಜೆ ಕೊಡುತ್ತೇನೆ. ಬೆಳಗು ಪೂರ್ತಿ ನಮ್ಮದು. ಹಾಲು ಕರೆಯುವುದು, ದೋಸೆ ಆಸ್ರಿ, ತೋಟಕ್ಕೊಂದು ಸುತ್ತು, ಬಿದ್ದ ಅಡಿಕೆ ಹೆಕ್ಕುವುದು. ಬೇಲಿಯ ಪಕ್ಕ ಒಂದೆಲಗ ಕಿತ್ತು ತಂದು ತಂಬುಳಿ ಮಾಡುವುದು. ಊಟ ಮುಗಿಸಿ ಕೈ ತೊಳೆದು ಅಟ್ಟ ಹತ್ತುತ್ತೇನೆ. ಕಾಲ್ ಬೇಗ ಇರುವ ದಿನ ಅತ್ತೆ ಕೆಳಗಿನಿಂದ ಕೂಗುತ್ತಾರೆ, "ಊಟ ಮಾಡದೇ ಕೂರಡ ಕೂಸೇ, ಆಮೇಲೆ ಹೊತ್ತಾಗ್ತು."

ಅಡಿಕೆ ಕೊಯ್ಲಿನ ದಿನಗಳಲ್ಲಿ ಇದಕ್ಕೆ ಇನ್ನೊಂದು ಕೆಲಸ ಸೇರುತ್ತದೆ. ಕೆಂಪಡಿಕೆ ಮಾಡಬೇಕಾದರೆ ಹಸಿ ಅಡಿಕೆಯನ್ನು ಬೇಗ ಸುಲಿಯಬೇಕು, ತೊಗರು (ಹಿಂದೆ ಅಡಿಕೆ ಬೇಯಿಸಿದ ಗಟ್ಟಿ ನೀರು) ಹಾಕಿ ಹಂಡೆಯಲ್ಲಿ ಬೇಯಿಸಬೇಕು, ಒಣಗಿಸಬೇಕು. ಕೊನೆ, ಅಂದರೆ ಅಡಿಕೆ ಗೊನೆ, ಇಳಿಸಿದ ಮೇಲೆ ಅದು ನಮ್ಮ ಕಾಲ್ ಮುಗಿಯಲಿ ಅಂತ ಕಾಯುವುದಿಲ್ಲ. ಸಂಜೆಗೆ ಜಗಲಿಯಲ್ಲಿ ಅಡಿಕೆ ರಾಶಿ ಬಿದ್ದಿರುತ್ತದೆ, ಸುತ್ತ ಮೆಟ್ಟುಗತ್ತಿಗಳು. ಆಚೀಚೆ ಮನೆಯವರು ಬಂದು ಕೂರುತ್ತಾರೆ. ನಾಳೆ ಅವರ ಮನೆಗೆ ನಾವು ಹೋಗಬೇಕು. ನಾನು ಕೆಲಸ ಮುಗಿಸಿ ಕೆಳಗೆ ಬಂದು ಖಾಲಿ ಇರುವ ಕತ್ತಿಯ ಮಣೆ ಮೇಲೆ ಕೂರುತ್ತೇನೆ. ಅಡಿಕೆಯನ್ನು ಅಲಗಿಗೆ ಒತ್ತಿ ತಿರುಗಿಸಿದರೆ ಸಿಪ್ಪೆ ಒಂದು ಕಡೆ, ಬೆಟ್ಟೆ ಒಂದು ಕಡೆ. ಹೆಬ್ಬೆರಳು ಕಪ್ಪಾಗುತ್ತದೆ, ವಾರ ಕಳೆದರೂ ಹೋಗುವುದಿಲ್ಲ. ಒಮ್ಮೆ ಹ್ಯಾಂಬರ್ಗಿನವರು ಕ್ಯಾಮೆರಾದಲ್ಲಿ ನನ್ನ ಕೈ ನೋಡಿ ಏನಾಯಿತು ಅಂತ ಕೇಳಿದರು. ಅವತ್ತು ಕಾಲು ಗಂಟೆ ಮೀಟಿಂಗ್ ಪೂರ್ತಿ ಅಡಿಕೆಯ ಮಾತಾಯಿತು. ತೋಟದ ಆ ಹಿರಿಯ ಸಹೋದ್ಯೋಗಿ ಮಾತ್ರ ಎಲ್ಲಕ್ಕಿಂತ ಹೆಚ್ಚು ಪ್ರಶ್ನೆ ಕೇಳಿದರು.

ಇಂಟರ್ನೆಟ್ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. 2020ರ ಲಾಕ್‌ಡೌನ್‌ನಲ್ಲಿ ನಮ್ಮ ಜಿಲ್ಲೆಯ ಮಕ್ಕಳು ಗುಡ್ಡ ಹತ್ತಿ, ಪ್ಲಾಸ್ಟಿಕ್ ಹೊದೆಸಿದ ಜೋಪಡಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳಿದರು. ಈಗ ಎಷ್ಟೋ ಹಳ್ಳಿಗಳಿಗೆ ಫೈಬರ್ ಬಂದಿದೆ. ನಮಗೂ ಬಂದಿದೆ. ಆದರೆ ಶಿರಸಿ ಕಡೆ ವರ್ಷಕ್ಕೆ 2,500 ಮಿಲಿಮೀಟರ್ ಆಸುಪಾಸು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಕೇಬಲ್ ಕಂಬದಿಂದ ಕಂಬಕ್ಕೆ, ಮರಗಳ ನಡುವೆಯೇ ಬರುವುದು. ಟೊಂಗೆ ಬಿತ್ತು ಅಂದರೆ ಮೋಡೆಮ್‌ನಲ್ಲಿ ಕೆಂಪು ಲೈಟ್ ಮಿಣುಕಲು ಶುರು.

ಆಗ ಬರುವವನು ಪಕ್ಕದೂರಿನ ಹುಡುಗ. ಕಳೆದ ಆಷಾಢದಲ್ಲಿ ಅವನು ಬಂದಾಗ ಕೊಡೆ ಹಿಡಿಯಲು ನಾನೇ ಹೋಗಿದ್ದೆ. ಎರಡೂ ತುದಿಯ ಕೇಬಲ್‌ನ ಕಪ್ಪು ಸಿಪ್ಪೆ ಬಿಡಿಸಿದ. ಒಳಗಿನ ಎಳೆ ಕೂದಲಿನಷ್ಟೇ ದಪ್ಪ. ಅದು ಗಾಜು. ಬೆಳಕು ಓಡುವುದು ಅದರ ನಟ್ಟನಡುವೆ, ಕೇವಲ 9 ಮೈಕ್ರಾನ್ ಅಗಲದ ದಾರಿಯಲ್ಲಿ. ಅರಳೆಗೆ ಸ್ಪಿರಿಟ್ ಹಾಕಿ ಒರೆಸಿದ. ತುದಿಯನ್ನು ನೇರಕ್ಕೆ ತುಂಡು ಮಾಡಿದ. ಜಾಯಿಂಟ್ ಮಷಿನ್‌ನೊಳಗೆ ಎರಡೂ ಎಳೆಗಳನ್ನು ಎದುರುಬದುರು ಇಟ್ಟು ಮುಚ್ಚಿದ. ಸಣ್ಣ ಪರದೆ ಮೇಲೆ ಎರಡು ದಪ್ಪ ಕೊಳವೆಗಳ ಹಾಗೆ ಕಂಡವು, ಹತ್ತಿರ ಬಂದವು, ಒಂದು ಕಿಡಿ ಹಾರಿತು, ಒಂದಾದವು. "ಒಂದ್ ಹನಿ ನೀರು ಬಿದ್ರೂ ಜಾಯಿಂಟ್ ಸರಿ ಆಗೂದಿಲ್ಲ ಅಕ್ಕ, ಕೊಡೆ ಗಟ್ಟಿ ಹಿಡ್ಕಳಿ" ಅಂದ. ಸುತ್ತ ಜಿರಾಪತಿ ಮಳೆ. ಅವನ ಬೆನ್ನು ಪೂರ್ತಿ ಒದ್ದೆ, ಮಷಿನ್ ಮಾತ್ರ ಒಣಗಿತ್ತು. ನನ್ನ ಸರಳ ಬದುಕು ಅಂತ ಯಾರಾದರೂ ಹೊಗಳಿದಾಗ ನನಗೆ ನೆನಪಾಗುವುದು ಈ ಹುಡುಗ. ಅವನು ಬರದಿದ್ದರೆ ನನ್ನ ಊರಿನ ವಾಸ ಒಂದು ಮಳೆಗಾಲ ದಾಟುವುದಿಲ್ಲ.

ಅವನ ಆಚೆಗೆ ಇನ್ನೂ ಉದ್ದದ ದಾರಿ ಇದೆ. ನಮ್ಮ ಮಾತು ಯುರೋಪಿಗೆ ಹೋಗುವುದು ಹೆಚ್ಚಾಗಿ ಮುಂಬೈ ತೀರದಿಂದ, ಅರಬ್ಬೀ ಸಮುದ್ರದ ತಳದಲ್ಲಿ ಮಲಗಿರುವ ಕೇಬಲ್‌ಗಳಲ್ಲಿ. ಅವು ಕೆಂಪು ಸಮುದ್ರ ಹಾದು, ಈಜಿಪ್ಟ್ ದಾಟಿ ಯುರೋಪಿಗೆ ಏರುತ್ತವೆ. 2025ರ ಸೆಪ್ಟೆಂಬರ್‌ನಲ್ಲಿ ಜೆಡ್ಡಾ ಹತ್ತಿರ ಕೆಲವು ಕೇಬಲ್‌ಗಳು ತುಂಡಾದಾಗ ಭಾರತ, ಪಾಕಿಸ್ತಾನಗಳಲ್ಲೆಲ್ಲ ಇಂಟರ್ನೆಟ್ ನಿಧಾನವಾಯಿತು. ಕುಮಟಾದ ತೀರದಲ್ಲಿ ನಿಂತು ಕಡಲು ನೋಡುವಾಗ ಈಗೀಗ ನನಗೆ ಅದೂ ನೆನಪಾಗುತ್ತದೆ. ನಾವು ಹಗುರವಾಗಿ ಬದುಕುತ್ತಿದ್ದೇವೆ ಅಂದುಕೊಳ್ಳುತ್ತೇವೆ, ಆದರೆ ನಮ್ಮ ಭಾರವನ್ನು ಎಲ್ಲೆಲ್ಲೋ ಎಷ್ಟೋ ಜನ ಹೊತ್ತಿರುತ್ತಾರೆ.

ಕಾಗದಪತ್ರದ ಮಾತನ್ನೂ ಹೇಳಿಬಿಡಬೇಕು. ಇದೇ ದಾರಿ ಹಿಡಿಯುವ ಯೋಚನೆ ಇರುವವರಿಗೆ ಇದು ಮುಖ್ಯ. ನನ್ನ ಕಂಪನಿಗೆ ಭಾರತದಲ್ಲಿ ಕಚೇರಿ ಇಲ್ಲ. ಹಾಗಾಗಿ ನಾನು ಅವರ ನೌಕರಳಲ್ಲ, ಒಪ್ಪಂದದ ಮೇಲೆ ಕೆಲಸ ಮಾಡುವವಳು. ತಿಂಗಳಿಗೊಮ್ಮೆ ಯೂರೋದಲ್ಲಿ ಬಿಲ್ ಕಳಿಸುತ್ತೇನೆ. ದುಡ್ಡು ಬಂದಾಗ ಯಾವ ಕೆಲಸಕ್ಕೆ ಬಂದದ್ದು ಅಂತ ಬ್ಯಾಂಕಿಗೆ ಕೋಡ್ ಸಮೇತ ತಿಳಿಸಬೇಕು, ಅದರ ದಾಖಲೆ ಪತ್ರ ತೆಗೆದಿಡಬೇಕು. ಜಿಎಸ್‌ಟಿ ನೋಂದಣಿ ಇದ್ದರೆ ಹೊರದೇಶಕ್ಕೆ ಕೊಡುವ ಸೇವೆಗೆ ತೆರಿಗೆ ಇಲ್ಲದೆ ಬಿಲ್ ಮಾಡಬಹುದು, ಆದರೆ ಅದಕ್ಕೆ ಪ್ರತಿ ವರ್ಷ ಮುಚ್ಚಳಿಕೆ ಪತ್ರ ಸಲ್ಲಿಸಬೇಕು. ಆದಾಯ ತೆರಿಗೆಯನ್ನು ಯಾರೂ ಹಿಡಿದುಕೊಂಡು ಕೊಡುವುದಿಲ್ಲ. ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15ರ ಒಳಗೆ ನಾವೇ ಮುಂಗಡ ಕಟ್ಟಬೇಕು. ಶಿರಸಿಯಲ್ಲಿ ಒಳ್ಳೆಯ ಲೆಕ್ಕ ಪರಿಶೋಧಕರು ಸಿಕ್ಕಿದ್ದರಿಂದ ನನಗೆ ಇದು ತಲೆನೋವಾಗಲಿಲ್ಲ. ಅವರಿಗೆ ಕೊಡುವ ಫೀಸಿನಲ್ಲಿ ಉಳಿತಾಯ ಮಾಡಲು ಹೋಗಬೇಡಿ.

ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ. ಹೆಂಗಸರು ಇನ್ನೊಂದು ವಿಷಯ ಗಮನಿಸಬೇಕು. 2017ರ ತಿದ್ದುಪಡಿಯ ನಂತರ ನಮ್ಮ ದೇಶದಲ್ಲಿ ನೌಕರಿಯಲ್ಲಿರುವ ತಾಯಂದಿರಿಗೆ 26 ವಾರ ಹೆರಿಗೆ ರಜೆ ಇದೆ. ಒಪ್ಪಂದದ ಮೇಲೆ ಹೊರದೇಶಕ್ಕೆ ದುಡಿಯುವವಳಿಗೆ ಅದು ತಾನಾಗಿ ಸಿಗುವುದಿಲ್ಲ. ನಾನು ಕೂತು ಮಾತಾಡಿ ಅದನ್ನು ಒಪ್ಪಂದದಲ್ಲೇ ಬರೆಸಿಕೊಂಡೆ. ಕೇಳಲು ಸಂಕೋಚ ಪಡಬೇಡಿ. ಅಲ್ಲಿಯವರಿಗೆ ಅದು ವಿಚಿತ್ರ ಬೇಡಿಕೆ ಅಂತ ಅನ್ನಿಸಲೇ ಇಲ್ಲ.

ಇನ್ನು ಊರವರ ಮಾತು. ದುಡಿಯುವವಳು ಹೆಂಡತಿ, ತೋಟ ನೋಡುವವನು ಗಂಡ ಅಂದರೆ ನಮ್ಮ ಕಡೆ ಈಗಲೂ ಹುಬ್ಬೇರುತ್ತದೆ. ಮೊದಮೊದಲು ಮದುವೆ ಮನೆಗಳಲ್ಲಿ ಇವರನ್ನು ಕೇಳುತ್ತಿದ್ದರು, "ರಜೆ ಇನ್ನೂ ಎಷ್ಟು ದಿನ ಇದ್ದು?" ಊರಲ್ಲೇ ಇರುತ್ತೇವೆ ಅಂದರೆ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು, ಅಲ್ಲೇನೋ ಕೆಲಸ ಹೋಗಿರಬೇಕು ಅಂತ. ಈ ಮಾತಿನ ಹಿಂದೆ ದೊಡ್ಡ ನೋವಿದೆ, ನನಗೆ ಗೊತ್ತು. ತೋಟ ಮಾಡಿಕೊಂಡಿರುವ ಮಾಣಿಗೆ ಹೆಣ್ಣು ಕೊಡುವವರಿಲ್ಲ ಅನ್ನುವ ಸ್ಥಿತಿ ನಮ್ಮ ಊರುಗಳಲ್ಲಿ ಬಂದು ಎಷ್ಟೋ ಕಾಲವಾಯಿತು. ಓದಿದ ಹುಡುಗಿಯರಿಗೆ ಹಳ್ಳಿಯಲ್ಲಿ ಅವರ ಓದಿಗೆ ತಕ್ಕ ಕೆಲಸ ಇರಲಿಲ್ಲ. ಅವರು ಬರಲಿಲ್ಲ ಅಂತ ಅವರನ್ನು ದೂರಿದ್ದೇ ದೂರಿದ್ದು. ಈಗ ಕೆಲಸ ಹುಡುಗಿಯ ಜೊತೆಗೇ ಬರಬಹುದು ಅಂತಾದರೆ ಈ ಗಂಟು ಸ್ವಲ್ಪ ಸಡಿಲ ಆಗಬಹುದು ಅಂತ ನನ್ನ ಆಸೆ. ಆದರೆ ಒಂದು ಷರತ್ತಿದೆ. ಹೊರಗೆ ದುಡಿಯುವ ಸೊಸೆಯ ತಲೆ ಮೇಲೆ ಅಡುಗೆಮನೆ, ಕೊಟ್ಟಿಗೆ ಎರಡನ್ನೂ ಹಾಕಿದರೆ ಯಾರೂ ಬರುವುದಿಲ್ಲ, ಬರಲೂಬಾರದು. ನಮ್ಮ ಮನೆಯಲ್ಲಿ ಸಂಜೆಯ ಅಡುಗೆ ಇವರದು. ಅತ್ತೆಗೆ ಅದು ಒಗ್ಗಲು ಹೊತ್ತು ಹಿಡಿಯಿತು. ಈಗ ಅಪ್ಪೆಹುಳಿ ಮಗನ ಕೈಯದ್ದೇ ರುಚಿ ಅಂತ ನೆಂಟರ ಎದುರು ಹೇಳುತ್ತಾರೆ.

ದುಡ್ಡಿನ ಬಗ್ಗೆ ನಾವಿಬ್ಬರೂ ತುಂಬ ಮಾತಾಡಿದ್ದೇವೆ. ಯೂರೋ ಸಂಬಳ ಹಳ್ಳಿಗೆ ಬಂದರೆ ಅದಕ್ಕೆ ಬೇಡದಷ್ಟು ಬಲ ಬರುತ್ತದೆ. ಪಕ್ಕದವರು ಕಷ್ಟದಲ್ಲಿ ಮಾರುವ ತೋಟವನ್ನು ನಾವು ಕೊಳ್ಳಬಹುದು. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನಿಗೆ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹೆಚ್ಚು ಕೊಟ್ಟು ಕರೆಸಿಕೊಳ್ಳಬಹುದು. ಆಗ ಅರ್ಧ ಎಕರೆಯವರ ಕೊನೆ ಮರದ ಮೇಲೇ ಉಳಿಯುತ್ತದೆ. ಇವೆರಡನ್ನೂ ಮಾಡಬಾರದು ಅಂತ ತೀರ್ಮಾನ ಮಾಡಿಕೊಂಡಿದ್ದೇವೆ. ಕೊನೆ ಕೊಯ್ಲಿನಲ್ಲಿ ನಮ್ಮ ಸರದಿ ಬಂದಾಗಲೇ ನಮ್ಮ ತೋಟ. ಮರ ಹತ್ತುವವರ ಅಪಘಾತ ವಿಮೆಯ ಕಂತು ಮಾತ್ರ ನಾವೇ ಕಟ್ಟುತ್ತೇವೆ. ಅದು ಉಳಿದವರ ಮೇಲೆ ಭಾರ ಹಾಕುವುದಿಲ್ಲ. ಮಳೆಯಲ್ಲಿ ನೆಂದ ಅಡಿಕೆ ಮರವನ್ನು ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು ಏರುವವನ ಕೆಲಸ ನನ್ನ ಕೆಲಸಕ್ಕಿಂತ ನೂರು ಪಾಲು ಕಷ್ಟದ್ದು. ಸಂಬಳದಲ್ಲಿ ಅದು ಉಲ್ಟಾ ಇದೆ. ಇದು ಸರಿ ಅಂತ ಒಪ್ಪಿಕೊಳ್ಳಲು ನನಗೆ ಇವತ್ತಿಗೂ ಆಗಿಲ್ಲ.

ಹೆದರಿಕೆಗಳೂ ಇವೆ. ಮೊದಲನೆಯದು ಆರೋಗ್ಯ. ಹೃದಯ, ತಲೆ ಅಂಥದ್ದೇನಾದರೂ ಆದರೆ ನಮ್ಮ ಜಿಲ್ಲೆಯವರು ಹುಬ್ಬಳ್ಳಿಗೋ, ಮಣಿಪಾಲಕ್ಕೋ, ಗೋವಾಕ್ಕೋ ಓಡಬೇಕು. ಶಿರಸಿಯಿಂದ ಹುಬ್ಬಳ್ಳಿ 100 ಕಿಲೋಮೀಟರ್ ಹತ್ತಿರ. ಮಳೆಗಾಲದಲ್ಲಿ ದೇವಿಮನೆ ಘಟ್ಟದ ದಾರಿ ನಂಬುವ ಹಾಗಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೇ ಕುಸಿದು ಜನ ಸತ್ತರು. ಮುಂದಿನ ತಿಂಗಳು ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ ಜನ ಎಷ್ಟೋ ವರ್ಷದಿಂದ ಕೇಳುತ್ತಿದ್ದಾರೆ. ಮಾವನಿಗೆ ಎದೆನೋವು ಬಂದ ರಾತ್ರಿ ಆ ಕೂಗಿನ ಬೆಲೆ ನಮಗೆ ಗೊತ್ತಾಯಿತು. ಊರಿಗೆ ಬನ್ನಿ ಅಂತ ಕರೆಯುವವರು ಈ ಮಾತನ್ನು ಮರೆಸಬಾರದು.

ಎರಡನೆಯದು ಕೆಲಸವೇ. ಒಂದು ತಿಂಗಳ ನೋಟಿಸ್ ಕೊಟ್ಟು ಅವರು ಒಪ್ಪಂದ ಮುಗಿಸಬಹುದು. ಕೈಪಿಡಿ ಬರೆಯುವ ಕೆಲಸದಲ್ಲಿ ಈಗ ಎಐ ಬಂದಿದೆ, ಮೊದಲ ಕರಡು ಅದೇ ಬರೆಯುತ್ತದೆ. ತೋಟದ ಕಡೆ ನೋಡಿದರೆ ಅಲ್ಲೂ ಕೊಳೆ ರೋಗ, ಎಲೆಚುಕ್ಕಿ ರೋಗ. ಒಂದು ವರ್ಷದ ಮನೆಖರ್ಚು ಬ್ಯಾಂಕಿನಲ್ಲಿ ಇಲ್ಲದೆ ಹೊಸದೇನೂ ಕೊಳ್ಳುವುದಿಲ್ಲ ಅಂತ ಇಟ್ಟುಕೊಂಡಿದ್ದೇವೆ. ಕಾರು ಹಳೆಯದೇ ಇದೆ. ಅಡಿಕೆಯ ನಡುವೆ ಕಾಳುಮೆಣಸು, ಜಾಯಿಕಾಯಿ ಹಾಕಿದ್ದೇವೆ. ಹಾಗೆ ನೋಡಿದರೆ ಖರ್ಚು ಕಡಿಮೆ ಇಟ್ಟುಕೊಳ್ಳುವುದು ನಮಗೆ ವ್ರತ ಏನಲ್ಲ. ನಾಳೆ ಮನಸ್ಸಿಗೆ ಒಪ್ಪದ ಕೆಲಸ ಬಂದರೆ ಬೇಡ ಅನ್ನಲು ಅದೊಂದೇ ಶಕ್ತಿ.

ಪಕ್ಕದ ಮನೆಯ ಹುಡುಗಿ ಶಿರಸಿಯಲ್ಲಿ ಬಿಸಿಎ ಓದುತ್ತಿದ್ದಾಳೆ. ಹೋದ ಭಾನುವಾರ ಬಂದು ಕೇಳಿದಳು, "ಅತ್ತಿಗೆ, ನಿಮ್ಮ ಥರ ಮನೆಯಿಂದಲೇ ಕೆಲಸ ಮಾಡಲೆ ಎಂತ ಮಾಡವು?" ಮೊದಲು ಹೊರಗೆ ಹೋಗು ಅಂದೆ. ಮೂರ್ನಾಲ್ಕು ವರ್ಷ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಜನರ ಪಕ್ಕ ಕೂತು ಕೆಲಸ ಕಲಿ. ದೂರದಿಂದ ದುಡಿಯುವವರನ್ನು ಕಂಪನಿ ನಂಬುವುದು ಅವರ ಹಿಂದಿನ ಕೆಲಸ ನೋಡಿ. ಕೆಲಸ ಗೊತ್ತಿರುವವರ ಜೊತೆ ಕೂತು ಕಲಿಯುವುದು ಪರದೆಯಲ್ಲಿ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಅವಳ ಮುಖ ಬಾಡಿತು. "ಅಲ್ಲಿಗೆ ಹೋದ್ರೆ ವಾಪಸ್ ಬಪ್ಪಲೆ ಆಗ್ತ?" ಅಂದಳು.

ನಾನು ಅವಳಿಗೆ ನನ್ನ ಒಪ್ಪಂದದ ಪ್ರತಿ ತೋರಿಸಿದೆ. ಯಾವ ಸಾಲು ಯಾಕಿದೆ, ಯಾವುದನ್ನು ಕೇಳಿ ಬರೆಸಿಕೊಂಡೆ ಅಂತ ವಿವರಿಸಿದೆ. ಆಮೇಲೆ ಒಂದು ಕೆಲಸ ಕೊಟ್ಟೆ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವುದು ಹೇಗೆ ಅಂತ, ಒಮ್ಮೆಯೂ ತೋಟ ನೋಡದವರಿಗೆ ಅರ್ಥವಾಗುವ ಹಾಗೆ ಇಂಗ್ಲಿಷಿನಲ್ಲಿ ಹಂತ ಹಂತವಾಗಿ ಬರೆದು ತಾ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಯಾವ ಪಾತ್ರೆ ಬಳಸಬಾರದು, ಸುಣ್ಣ ಕಡಿಮೆಯಾಗಿದೆ ಅಂತ ಕತ್ತಿ ಅದ್ದಿ ನೋಡಿದರೆ ಹೇಗೆ ಗೊತ್ತಾಗುತ್ತದೆ, ಎಲ್ಲ ಇರಬೇಕು. ಕೈಪಿಡಿ ಬರೆಯುವ ಕೆಲಸ ಅಂದರೆ ಇದೇ ಅಂದೆ.

ಅವಳು ಫೋನ್ ತೆಗೆದು ಬರೆದುಕೊಂಡಳು. ಅಂಗಳ ದಾಟಿ ಹೋದವಳು ವಾಪಸ್ ಬಂದು ಕೇಳಿದಳು, "ತುತ್ತಕ್ಕೆ ಸುಣ್ಣ ಹಾಕದ, ಸುಣ್ಣಕ್ಕೆ ತುತ್ತ ಹಾಕದ?" ಅದನ್ನೇ ಮೊದಲು ಬರೆಯಬೇಕಾದ್ದು ಅಂದೆ. "ಅಪ್ಪಯ್ಯನ ಹತ್ರ ಕೇಳ್ಕ್ಯಂಡು ಬತ್ತಿ" ಅಂತ ಓಡಿದಳು.